ವ್ಯಾಲೆಟ್ ಅಡ್ರೆಸ್ ಎಷ್ಟು ಹಳೇದು? ನೋಡೋದು ಹೀಗೆ

ಜುಲೈ ಬಂತು ಅಂದ್ರೆ ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಫೈಲ್ ಇಡೋಕೂ ಜಾಗ ಇರುವುದಿಲ್ಲ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಸುವುದು ನನ್ನ ಕೆಲಸ. ಮೊದಲು ಬರುತ್ತಿದ್ದವರು ಗಂಜ್‌ನ ತೊಗರಿ ವ್ಯಾಪಾರಿಗಳು, ದಾಲ್ ಮಿಲ್‌ನವರು, ಸಾಲಿ ಮಾಸ್ತರರು. ಈಗ ಅವರ ಮಕ್ಕಳೂ ಬರುತ್ತಾರೆ, ಫೋನಿನಲ್ಲಿ ಕ್ರಿಪ್ಟೊ ಇಟ್ಟುಕೊಂಡು. ರಿಟರ್ನ್‌ನಲ್ಲಿ ವಿಡಿಎ (ವರ್ಚುವಲ್ ಡಿಜಿಟಲ್ ಅಸೆಟ್, ಅಂದ್ರೆ ಕ್ರಿಪ್ಟೊದಂಥವು) ಅಂತ ಒಂದು ಶೆಡ್ಯೂಲ್ ಇದೆ. ಅದರಲ್ಲಿ ಕೊಂಡ ತಾರೀಖು, ಮಾರಿದ ತಾರೀಖು ಎರಡನ್ನೂ ತುಂಬಬೇಕು. "ಯಾವಾಗ ತಗೊಂಡಿದ್ದಿ?" ಅಂದರೆ ಹುಡುಗ ಫ್ಯಾನ್ ನೋಡುತ್ತಾನೆ.

ಇನ್ನೊಂದು ಥರದವರೂ ಇದ್ದಾರೆ. ಟೆಲಿಗ್ರಾಂನಲ್ಲಿ ಯಾರೋ ಒಂದು ವ್ಯಾಲೆಟ್ ಅಡ್ರೆಸ್ (ಕ್ರಿಪ್ಟೊ ಹಾಕೋಕೆ ಬೇಕಾದ ಖಾತೆ ನಂಬರ್ ಥರದ್ದು) ಕಳಿಸಿರುತ್ತಾರೆ. "ಅಕ್ಕೋರೆ, ಇದು ಹಳೇ ಅಡ್ರೆಸ್ ಅದ ಏನ್ರಿ? ರೊಕ್ಕ ಹಾಕಬಹುದಾ?" ಅಂತ ಕೇಳಿಕೊಂಡು ಬರುತ್ತಾರೆ. ಇಬ್ಬರಿಗೂ ಬೇಕಾಗಿರುವುದು ಒಂದೇ, ಆ ಅಡ್ರೆಸ್ ಯಾವಾಗಿನದು ಅನ್ನುವುದು.

ಮೊದಲು ಒಂದು ಮಾತು ತಲೆಯಲ್ಲಿರಲಿ. ಅಡ್ರೆಸ್ ಹುಟ್ಟಿದ ದಿನ ಬ್ಲಾಕ್‌ಚೈನ್‌ನಲ್ಲಿ, ಅಂದ್ರೆ ಎಲ್ಲರೂ ನೋಡಬಹುದಾದ ಕ್ರಿಪ್ಟೊ ಲೆಕ್ಕದ ಪುಸ್ತಕದಲ್ಲಿ, ಬರೆದಿರುವುದಿಲ್ಲ. ನಿಮ್ಮ ಫೋನು ಪ್ರೈವೇಟ್ ಕೀ ಅನ್ನುವ ಗುಟ್ಟಿನ ಸಂಖ್ಯೆ ತಯಾರಿಸುತ್ತದೆ, ಆ ಕೀಯಿಂದ ಲೆಕ್ಕ ಹಾಕಿ ಅಡ್ರೆಸ್ ತೆಗೆಯುತ್ತದೆ. ಇದಕ್ಕೆ ಇಂಟರ್‌ನೆಟ್ ಕೂಡ ಬೇಕಿಲ್ಲ, ಯಾರಿಗೂ ತಿಳಿಸುವುದಿಲ್ಲ. ಗಂಜ್‌ನ ದಲಾಲಿ ಅಂಗಡಿಯಲ್ಲಿ ರೈತನ ಹೆಸರಿಗೆ ಖಾತೆ ಪುಟ ತೆಗೆದಿಟ್ಟ ಹಾಗೆ. ಮೊದಲ ಚೀಲ ತೂಕಕ್ಕೆ ಬಿದ್ದ ದಿನವೇ ಅದರಲ್ಲಿ ತಾರೀಖು ಬೀಳುವುದು. ಹೊರಗಿನವರಿಗೆ ಸಿಗುವುದು ಆ ಮೊದಲ ಎಂಟ್ರಿ ಮಾತ್ರ. ಅಡ್ರೆಸ್ 2019ರಲ್ಲಿ ಮಾಡಿ, 2023ರಲ್ಲಿ ಮೊದಲ ಸಲ ಕಾಯಿನ್ ಬಂದಿದ್ದರೆ ಬ್ಲಾಕ್‌ಚೈನ್ ಹೇಳುವುದು 2023 ಅಂತಲೇ.

ನೋಡೋದಕ್ಕೆ ಬೇಕಾಗಿರುವುದು ಅಡ್ರೆಸ್ ಒಂದೇ. ವ್ಯಾಲೆಟ್‌ನ ಬೀಗದ ಕೈಯಂಥ ಹನ್ನೆರಡು ಪದಗಳ ಸೀಡ್ ಬೇಡ, ಪಾಸ್‌ವರ್ಡ್ ಬೇಡ, ವ್ಯಾಲೆಟ್ ಕನೆಕ್ಟ್ ಮಾಡುವುದಂತೂ ಬೇಡವೇ ಬೇಡ. "ವ್ಯಾಲೆಟ್ ವಯಸ್ಸು ಹೇಳ್ತೀವಿ, ಕನೆಕ್ಟ್ ಮಾಡಿ" ಅನ್ನುವ ಪೇಜ್ ಕಂಡರೆ ಸುಮ್ನೆ ಮುಚ್ಚಿಬಿಡಿ.

ಬಿಟ್‌ಕಾಯಿನ್: ಮುಖ ನೋಡಿಯೇ ಅರ್ಧ ಗೊತ್ತಾಗುತ್ತದೆ

ಬಿಟ್‌ಕಾಯಿನ್ ಅಡ್ರೆಸ್‌ನ ಮೊದಲ ಅಕ್ಷರಗಳನ್ನು ನೋಡಿ. 1ರಿಂದ ಶುರುವಾಗುವುದು ಹಳೇ ಥರ, 2009ರಿಂದಲೂ ಇದೆ. 3ರಿಂದ ಶುರುವಾಗುವವು ಬಳಕೆಗೆ ಬಂದದ್ದು 2012ರಲ್ಲಿ. ಬಿ, ಸಿ, 1, ಕ್ಯೂ ಅಂತ ಶುರುವಾದರೆ ಅದು ಸೆಗ್‌ವಿಟ್ ಅನ್ನುವ ಹೊಸ ಥರ. ಅದು ನೆಟ್‌ವರ್ಕ್‌ನಲ್ಲಿ ಜಾರಿಯಾದದ್ದು 2017ರ ಆಗಸ್ಟ್ 24ಕ್ಕೆ. ಬಿ, ಸಿ, 1, ಪಿ ಅಂತ ಇದ್ದರೆ ಟ್ಯಾಪ್‌ರೂಟ್, ಅದು 2021ರ ನವೆಂಬರ್‌ನದು. ಅಡ್ರೆಸ್ ಎಷ್ಟು ಹೊಸದು ಅಂತ ಇದರಿಂದ ಗೊತ್ತಾಗುವುದಿಲ್ಲ, ಇದಕ್ಕಿಂತ ಹಳೇದಿರಲಾರದು ಅನ್ನುವುದು ಮಾತ್ರ ಖಚಿತ.

ಇದು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂದ್ರೆ, ಸೇಡಂ ಕಡೆಯ ಒಬ್ಬ ಹುಡುಗ ಸ್ಕ್ರೀನ್‌ಶಾಟ್ ತಂದಿದ್ದ. ಇಂಜಿನಿಯರಿಂಗ್ ಓದುವವನು, ಗ್ರೂಪ್‌ನ "ಸರ್" ಮೇಲೆ ಭಾರಿ ಭಕ್ತಿ.

"ಅಕ್ಕೋರೆ, ಸರ್ ಭಾಳ ಹಳಬ್ರು ಅದಾರ್ರಿ. 2014ರಾಗಿಂದ ಇದ ಅಡ್ರೆಸ್‌ನಾಗ ಹೋಲ್ಡ್ ಮಾಡ್ಯಾರ."

ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಶುರುವಿನಲ್ಲೇ ಬಿ, ಸಿ, 1, ಕ್ಯೂ.

"ತಮ್ಮಾ, ಈ ಥರದ ಅಡ್ರೆಸ್ 2014ರಾಗ ಇದ್ದಿಲ್ಲೋ. ಮೂರು ವರ್ಷ ಆದ ಮ್ಯಾಲ ಬಂದಾವ."

ಎಕ್ಸ್‌ಪ್ಲೋರರ್ (ಬ್ಲಾಕ್‌ಚೈನ್‌ನ ಎಂಟ್ರಿಗಳನ್ನು ತೋರಿಸುವ ಸೈಟ್) ತೆರೆಯುವ ಕೆಲಸವೇ ಬೀಳಲಿಲ್ಲ.

ತಾರೀಖು ಸರಿಯಾಗಿ ಬೇಕಾದರೆ ಮೆಂಪೂಲ್ ಡಾಟ್ ಸ್ಪೇಸ್ ಅಥವಾ ಬ್ಲಾಕ್‌ಚೇರ್ ತೆರೆಯಿರಿ. ಹುಡುಕುವ ಪೆಟ್ಟಿಗೆಯಲ್ಲಿ ಪೂರ್ತಿ ಅಡ್ರೆಸ್ ಪೇಸ್ಟ್ ಮಾಡಿ, ಕೈಯಿಂದ ಟೈಪ್ ಮಾಡಬೇಡಿ. ಟ್ರಾನ್ಸಾಕ್ಷನ್‌ಗಳು ಹೊಸದು ಮೇಲೆ, ಹಳೇದು ಕೆಳಗೆ ಬರುತ್ತವೆ. ತೀರಾ ಕೆಳಗಿನದಕ್ಕೆ ಹೋಗಿ. ಅದನ್ನು ಒತ್ತಿದರೆ ಬ್ಲಾಕ್ ನಂಬರ್, ತಾರೀಖು, ಸಮಯ ಎಲ್ಲ ಸಿಗುತ್ತದೆ. ಆ ಸಮಯ ಗಡಿಯಾರದಷ್ಟು ಕರಾರುವಾಕ್ಕಲ್ಲ. ಬ್ಲಾಕ್ ಮೇಲಿನ ಸಮಯ ಹಾಕುವವನು ಮೈನರ್, ಅಂದ್ರೆ ಟ್ರಾನ್ಸಾಕ್ಷನ್‌ಗಳನ್ನು ಒಟ್ಟು ಮಾಡಿ ಬ್ಲಾಕ್ ಕಟ್ಟುವವನು. ಅವನು ಎರಡು ಗಂಟೆ ಮುಂದಿನ ಸಮಯ ಹಾಕಿದರೂ ನೆಟ್‌ವರ್ಕ್ ಒಪ್ಪಿಕೊಳ್ಳುತ್ತದೆ. ದಿನ ನಂಬಿ, ನಿಮಿಷಕ್ಕೆ ಜಗಳ ಬೇಡ.

ಬಿಟ್‌ಕಾಯಿನ್‌ನಲ್ಲಿ ಜನ ಎಡವುವುದು ಇನ್ನೊಂದು ಕಡೆ. ಈಗಿನ ವ್ಯಾಲೆಟ್‌ಗಳು ಪ್ರತಿ ಸಲ ಕಾಯಿನ್ ಪಡೆಯುವಾಗ ಹೊಸ ಅಡ್ರೆಸ್ ಕೊಡುತ್ತವೆ. ಒಂದೇ ಸೀಡ್‌ನಿಂದ ನೂರಾರು ಅಡ್ರೆಸ್ ಬರಬಹುದು. ಹಾಗಾಗಿ ಅಡ್ರೆಸ್ ನಿನ್ನೆಯದಾದರೆ ವ್ಯಾಲೆಟ್ಟೂ ನಿನ್ನೆಯದು ಅಂತಲ್ಲ. ನಿಮ್ಮದೇ ವ್ಯಾಲೆಟ್ ಆದರೆ ಆ್ಯಪ್‌ನ ಹಿಸ್ಟರಿಯಲ್ಲಿ ಕೆಳತನಕ ಹೋಗಿ ನೋಡಿ, ಅದೇ ಸುಲಭ. ಎಕ್ಸ್‌ಪಬ್ ಅನ್ನುವ ಉದ್ದನೆಯ ಕೀಯನ್ನು ಯಾವುದೋ ಸೈಟ್‌ಗೆ ಹಾಕಿ ಹುಡುಕುವವರಿದ್ದಾರೆ. ಅದರಿಂದ ಕಾಯಿನ್ ಕದಿಯೋಕಾಗಲ್ಲ, ನಿಜ. ಆದರೆ ನಿಮ್ಮ ಎಲ್ಲ ಅಡ್ರೆಸ್, ಎಲ್ಲ ಬ್ಯಾಲೆನ್ಸ್ ಆ ಸೈಟಿನವನ ಕಣ್ಣಿಗೆ ಬೀಳುತ್ತದೆ. ಯಾಕೆ ಬೇಕು ಅಲ್ವಾ?

ಇಥೀರಿಯಂ: ಮೂರು ಟ್ಯಾಬ್ ನೋಡಿ

ಸೊನ್ನೆ, ಎಕ್ಸ್ ಅಂತ ಶುರುವಾಗಿ ಒಟ್ಟು 42 ಅಕ್ಷರ ಇದ್ದರೆ ಅದು ಇಥೀರಿಯಂ ಥರದ ಅಡ್ರೆಸ್. ಈಥರ್‌ಸ್ಕ್ಯಾನ್‌ಗೆ ಹೋಗಿ ಪೇಸ್ಟ್ ಮಾಡಿ. ಮೇಲುಗಡೆ ಇನ್ನಷ್ಟು ಮಾಹಿತಿ (ಮೋರ್ ಇನ್ಫೊ) ಅನ್ನುವ ಡಬ್ಬಿಯಲ್ಲಿ ಕಳಿಸಿದ ಟ್ರಾನ್ಸಾಕ್ಷನ್‌ಗಳಲ್ಲಿ ಮೊದಲನೆಯದು ಎಷ್ಟು ದಿನದ ಹಿಂದೆ ಅಂತ ಕಾಣುತ್ತದೆ. ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಅದು ಕಳಿಸಿದ್ದರ ಲೆಕ್ಕ. ಕಾಯಿನ್ ಬಂದು ಬಿದ್ದದ್ದು ಅದಕ್ಕೂ ಎಷ್ಟೋ ಹಿಂದೆ ಇರಬಹುದು.

ಅದಕ್ಕೇ ಟ್ರಾನ್ಸಾಕ್ಷನ್ ಪಟ್ಟಿಯ ಕೊನೆಯ ಪೇಜಿಗೆ ಹೋಗಿ. ವಯಸ್ಸು (ಏಜ್) ಅಂತಿರುವ ಕಾಲಂನ ತಲೆಬರಹ ಒತ್ತಿದರೆ "ಇಷ್ಟು ದಿನದ ಹಿಂದೆ" ಅನ್ನುವುದು ಹೋಗಿ ತಾರೀಖು, ಗಂಟೆ ಬರುತ್ತದೆ. ಆಮೇಲೆ ಪಕ್ಕದ ಟೋಕನ್ ಟ್ರಾನ್ಸ್‌ಫರ್ ಟ್ಯಾಬ್, ಇಂಟರ್ನಲ್ ಟ್ರಾನ್ಸಾಕ್ಷನ್ ಟ್ಯಾಬ್ ಎರಡನ್ನೂ ಇದೇ ರೀತಿ ಕೊನೆತನಕ ನೋಡಿ. ಯಾರೋ ಮೊದಲು ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಕಳಿಸಿದ್ದರೆ ಅದು ಮೊದಲ ಟ್ಯಾಬ್‌ನಲ್ಲಿ ಕಾಣುವುದಿಲ್ಲ, ಟೋಕನ್ ಟ್ಯಾಬ್‌ನಲ್ಲಿ ಇರುತ್ತದೆ. ಮೂರರಲ್ಲಿ ಯಾವುದು ಹಳೇದೋ ಅದೇ ಉತ್ತರ.

ಇಷ್ಟಕ್ಕೇ ಮುಗಿಯುವುದಿಲ್ಲ. ಇದೇ ಅಡ್ರೆಸ್ ಬಿಎನ್‌ಬಿ ಚೈನ್, ಪಾಲಿಗಾನ್ ಅನ್ನುವ ಬೇರೆ ನೆಟ್‌ವರ್ಕ್‌ಗಳಲ್ಲೂ ನಡೆಯುತ್ತದೆ. ನಮ್ಮ ಹುಡುಗರು ಫೀ ಕಡಿಮೆ ಅಂತ ಜಾಸ್ತಿ ಬಳಸುವುದು ಅವನ್ನೇ. ಈಥರ್‌ಸ್ಕ್ಯಾನ್‌ನಲ್ಲಿ ಏನೂ ಇಲ್ಲದಿದ್ದರೆ ಅಡ್ರೆಸ್ ಹೊಸದು ಅಂತ ತೀರ್ಮಾನ ಮಾಡಬೇಡಿ. ಬಿಎಸ್‌ಸಿಸ್ಕ್ಯಾನ್, ಪಾಲಿಗಾನ್‌ಸ್ಕ್ಯಾನ್ ಎರಡರಲ್ಲೂ ಅದೇ ಅಡ್ರೆಸ್ ಹಾಕಿ ನೋಡಿ. ಇಥೀರಿಯಂ ಶುರುವಾದದ್ದೇ 2015ರ ಜುಲೈ 30ಕ್ಕೆ. ಅದಕ್ಕಿಂತ ಹಿಂದಿನ ಟ್ರಾನ್ಸಾಕ್ಷನ್ ಇದೆ ಅಂತ ಯಾರಾದರೂ ಹೇಳಿದರೆ ಕಥೆ ಅಂತ ತಿಳಿಯಿರಿ.

ಆ ಅಡ್ರೆಸ್ ಮನುಷ್ಯರದ್ದಲ್ಲ, ಕಾಂಟ್ರಾಕ್ಟ್‌ದು (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂದು) ಅಂತಾದರೆ ನಿಮ್ಮ ಅದೃಷ್ಟ. ಕಾಂಟ್ರಾಕ್ಟ್ ಹುಟ್ಟುವುದೇ ಒಂದು ಟ್ರಾನ್ಸಾಕ್ಷನ್‌ನಿಂದ. ಯಾರು ಮಾಡಿದರು, ಯಾವ ಟ್ರಾನ್ಸಾಕ್ಷನ್‌ನಲ್ಲಿ ಮಾಡಿದರು ಅನ್ನುವುದು ಆ ಪೇಜ್‌ನಲ್ಲೇ ಇರುತ್ತದೆ. ಕಾಯಿನ್ ಇಟ್ಟರೆ ಲಾಭ ಕೊಡ್ತೀವಿ ಅನ್ನುವ ಯಾವುದೋ "ಸ್ಟೇಕಿಂಗ್ ಪ್ಲಾನ್" ಮೂರು ವರ್ಷದಿಂದ ನಡೀತಿದೆ ಅಂತ ಹೇಳಿದರೆ ಅದರ ಕಾಂಟ್ರಾಕ್ಟ್ ಕಳೆದ ತಿಂಗಳು ಹುಟ್ಟಿದ್ದೋ ಅಂತ ನೋಡೋಕೆ ಒಂದು ನಿಮಿಷ ಸಾಕು.

ಟ್ರಾನ್: ಇಲ್ಲಿ ನಿಜವಾಗಲೂ ತಾರೀಖು ಇದೆ

ಮೋಸ ಹೋಗಿ ಬರುವವರ ಫೋನಿನಲ್ಲಿ ನಾನು ಜಾಸ್ತಿ ನೋಡುವುದು ಟಿ ಅಕ್ಷರದಿಂದ ಶುರುವಾಗುವ 34 ಅಕ್ಷರದ ಅಡ್ರೆಸ್. ಅದು ಟ್ರಾನ್. ಅದರ ಮೇಲೆ ಓಡಾಡುವ ಯುಎಸ್‌ಡಿಟಿಗೆ ಟಿಆರ್‌ಸಿ20 ಅಂತಾರೆ.

ಟ್ರಾನ್‌ನಲ್ಲಿ ಒಂದು ಅನುಕೂಲ ಇದೆ. ಅಡ್ರೆಸ್ ಸುಮ್ನೆ ಮಾಡಿಕೊಂಡರೆ ಸಾಲದು, ಅಕೌಂಟ್ ಆಕ್ಟಿವೇಟ್ ಆಗಬೇಕು. ಈಗಾಗಲೇ ಇರುವ ಇನ್ನೊಂದು ಅಕೌಂಟ್‌ನಿಂದ ಟಿಆರ್‌ಎಕ್ಸ್ (ಟ್ರಾನ್‌ನ ಸ್ವಂತ ಕಾಯಿನ್) ಬಂದಾಗ ಅದು ಆಗುತ್ತದೆ, ಅದರ ಸಮಯ ಅಕೌಂಟ್‌ನ ದಾಖಲೆಯಲ್ಲೇ ಕೂರುತ್ತದೆ. ಟ್ರಾನ್‌ಸ್ಕ್ಯಾನ್‌ನಲ್ಲಿ ಅಡ್ರೆಸ್ ಹಾಕಿ, ಅಕೌಂಟ್ ಪೇಜ್‌ನಲ್ಲಿ ಹುಡುಕಿ. ಆದರೂ ಟಿಆರ್‌ಸಿ20 ವರ್ಗಾವಣೆಗಳ ಪಟ್ಟಿ ಬಿಡಬೇಡಿ. ಆಕ್ಟಿವೇಟ್ ಆಗುವ ಮುಂಚೆಯೇ ಯುಎಸ್‌ಡಿಟಿ ಬಂದು ಕೂತಿರಬಹುದು.

ಆಕ್ಟಿವೇಟ್ ಮಾಡಿದ್ದು ಯಾವ ಅಡ್ರೆಸ್ ಅಂತಲೂ ಬರೆದಿಟ್ಟುಕೊಳ್ಳಿ. ತನಿಖೆ ಮಾಡುವವರಿಗೆ ತಾರೀಖಿಗಿಂತ ಅದೇ ಜಾಸ್ತಿ ಬೆಲೆಯದು.

ರಿಪಲ್‌ನ ಎಕ್ಸ್‌ಆರ್‌ಪಿಯಲ್ಲೂ ಹೀಗೇ, ಕನಿಷ್ಠ ಮೊತ್ತ ಬಿದ್ದ ಮೇಲೆ ಅಕೌಂಟ್ ಜೀವ ಪಡೆಯುತ್ತದೆ. ಮೊನೆರೊ ಆದರೆ ಕೈ ಬಿಡಿ, ಹೊರಗಿನವರಿಗೆ ಏನೂ ಕಾಣದ ಹಾಗೆ ಮಾಡಿರುವ ಕಾಯಿನ್ ಅದು.

ಐದೂವರೆ ಗಂಟೆಯ ಲೆಕ್ಕ

ಈಥರ್‌ಸ್ಕ್ಯಾನ್ ತೋರಿಸುವುದು ಯುಟಿಸಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಕೆಲವು ಸೈಟ್ ನಿಮ್ಮ ಫೋನಿನ ಸಮಯವನ್ನೇ ತೋರಿಸುತ್ತವೆ. ಪಕ್ಕದಲ್ಲಿ ಏನು ಬರೆದಿದೆ ನೋಡಿಕೊಳ್ಳಿ. ಯುಟಿಸಿ ಆದರೆ ಐದೂವರೆ ಗಂಟೆ ಕೂಡಿಸಬೇಕು.

ಸಣ್ಣ ವಿಷಯ ಅನ್ನಿಸಬಹುದು. 2025ರ ಮಾರ್ಚ್ 31, ಯುಟಿಸಿ 19:10 ಅಂತ ಇದೆ ಅನ್ನಿ. ಕಲಬುರಗಿಯಲ್ಲಿ ಆಗ ಏಪ್ರಿಲ್ 1, ರಾತ್ರಿ 12:40. ಹಣಕಾಸು ವರ್ಷವೇ ಬದಲಾಯಿತು! ಮಾರಿದ ತಾರೀಖು ಇದಾಗಿದ್ದರೆ ಲಾಭ ಯಾವ ವರ್ಷದ ರಿಟರ್ನ್‌ಗೆ ಹೋಗಬೇಕು ಅನ್ನುವುದೇ ಬೇರೆ ಆಗುತ್ತದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ 30 ಪರ್ಸೆಂಟ್ ತೆರಿಗೆ ಇದೆ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋಕೂ ಬಿಡುವುದಿಲ್ಲ. ಹಾಗಾಗಿ ತಾರೀಖನ್ನು ಅಂದಾಜಿನಲ್ಲಿ ಬರೆಯೋ ವಿಷಯ ಅಲ್ಲ ಇದು.

ನಿಮ್ಮದೇ ವ್ಯಾಲೆಟ್ ಆದರೆ

ಕ್ರಿಪ್ಟೊ ಕೊಡು-ಕೊಳ್ಳುವ ಎಕ್ಸ್‌ಚೇಂಜ್ ಆ್ಯಪ್‌ನಲ್ಲೇ ಕೊಂಡು ಅಲ್ಲೇ ಇಟ್ಟಿದ್ದೀರಾ? ಹಾಗಾದರೆ ಇಲ್ಲಿವರೆಗೆ ಹೇಳಿದ್ದು ಯಾವುದೂ ನಿಮಗೆ ಬೇಡ. ಅಲ್ಲಿನ ಕೊಡು-ಕೊಳ್ಳುವಿಕೆ ಅವರ ಪುಸ್ತಕದಲ್ಲೇ ನಡೆಯುತ್ತದೆ, ಬ್ಲಾಕ್‌ಚೈನ್‌ಗೆ ಹೋಗುವುದೇ ಇಲ್ಲ. ಟ್ರೇಡ್ ರಿಪೋರ್ಟ್ ಡೌನ್‌ಲೋಡ್ ಮಾಡಿ ತನ್ನಿ, ಮುಗೀತು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕೆಲಸ ಇಷ್ಟೇ ಇರುತ್ತದೆ.

ಕೀ ನಿಮ್ಮ ಕೈಯಲ್ಲೇ ಇದ್ದರೆ ಮಾತ್ರ ಅಡ್ರೆಸ್ ಹುಟ್ಟಿದ ನಿಜವಾದ ದಿನ ಸಿಗುವ ಸಾಧ್ಯತೆ ಇದೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಇಥೀರಿಯಂ ಕೀಸ್ಟೋರ್ ಫೈಲ್ (ಕೀ ಉಳಿಸಿಟ್ಟ ಫೈಲ್) ಇದ್ದರೆ ಅದರ ಹೆಸರನ್ನೇ ಓದಿ. ಯುಟಿಸಿ ಅಂತ ಶುರುವಾಗುತ್ತದೆ. ಆಮೇಲೆ ಎರಡು ಅಡ್ಡಗೆರೆ, 2017-12-09 ಅನ್ನುವ ಥರ ತಾರೀಖು, ಟಿ ಅಕ್ಷರ, ಗಂಟೆ, ನಿಮಿಷ, ಸೆಕೆಂಡು. ಬಾಲದಲ್ಲಿ ಅಡ್ರೆಸ್. ಫೈಲ್ ಕಾಪಿ ಮಾಡಿದಾಗ ಕಂಪ್ಯೂಟರ್ ತೋರಿಸುವ ತಾರೀಖು ಬದಲಾಗಬಹುದು, ಹೆಸರೊಳಗಿನ ತಾರೀಖು ಹಾಗೇ ಉಳಿಯುತ್ತದೆ. ಬಿಟ್‌ಕಾಯಿನ್ ಕೋರ್ ಅನ್ನುವ ಕಂಪ್ಯೂಟರ್ ವ್ಯಾಲೆಟ್ ಬಳಸುವವರು ಅಡ್ರೆಸ್ ಮಾಹಿತಿ ಕೇಳುವ ಕಮಾಂಡ್ ಕೊಟ್ಟರೆ ಟೈಮ್‌ಸ್ಟಾಂಪ್ ಅಂತ ಒಂದು ದೊಡ್ಡ ಸಂಖ್ಯೆ ಬರುತ್ತದೆ. ಅದು 1970ರಿಂದ ಎಣಿಸಿದ ಸೆಕೆಂಡು, ಕೀ ಹುಟ್ಟಿದ ಸಮಯ. ಮೆಟಾಮಾಸ್ಕ್ ವ್ಯಾಲೆಟ್‌ನಲ್ಲಿ ಇಂಥದ್ದೇನೂ ಕಾಣುವುದಿಲ್ಲ. ಮೊದಲ ಟ್ರಾನ್ಸಾಕ್ಷನ್ನೇ ಗತಿ.

ಹಳೇದಾದರೆ ನಂಬಬಹುದಾ?

ಇಲ್ಲ. ಎಕ್ಸ್‌ಚೇಂಜ್‌ಗಳ ದೊಡ್ಡ ಅಡ್ರೆಸ್‌ಗಳು ಎಷ್ಟೋ ವರ್ಷ ಹಳೇವು, ಲಕ್ಷಾಂತರ ಜನರ ಕಾಯಿನ್ ಅಲ್ಲಿಂದ ಓಡಾಡುತ್ತದೆ. ಮೋಸಗಾರ ಅಂಥ ಅಡ್ರೆಸ್ ತೋರಿಸಿ "ನಂದೇ" ಅಂದರೆ ತಡೆಯುವವರು ಯಾರು? ಹೊಸದಾದರೆ ಕಳ್ಳರದ್ದು ಅಂತಲೂ ಅಲ್ಲ, ಬಿಟ್‌ಕಾಯಿನ್‌ನಲ್ಲಂತೂ ಹೊಸ ಅಡ್ರೆಸ್ಸೇ ಮಾಮೂಲು.

ವಯಸ್ಸು ಖಂಡಿತ ಉಪಯೋಗಕ್ಕೆ ಬರುವುದು ಒಂದು ಕಡೆ. ನೀವು ಯಾರಿಗೋ ಯುಎಸ್‌ಡಿಟಿ ಕಳಿಸುತ್ತೀರಿ. ಸ್ವಲ್ಪ ಹೊತ್ತಿಗೆ ನಿಮ್ಮ ಹಿಸ್ಟರಿಯಲ್ಲಿ ಸೊನ್ನೆ ಮೊತ್ತದ ಒಂದು ಎಂಟ್ರಿ ಬರುತ್ತದೆ. ಅದರ ಅಡ್ರೆಸ್‌ನ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನಿಮ್ಮ ಗೆಳೆಯನದ್ದರ ಹಾಗೇ ಇರುತ್ತದೆ. ಮುಂದಿನ ಸಲ ಹಿಸ್ಟರಿಯಿಂದ ಕಾಪಿ ಮಾಡಿ ಅಲ್ಲಿಗೆ ಕಳಿಸಲಿ ಅಂತ ಹಾಕಿದ ಬಲೆ ಅದು. ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಆ ಜೋಡಿ ಅಡ್ರೆಸ್‌ನ ಚಟುವಟಿಕೆ ಶುರುವಾಗಿರುವುದು ಸಾಮಾನ್ಯವಾಗಿ ನೀವು ಕಳಿಸಿದ ಮೇಲೆಯೇ. ಮಧ್ಯದ ಅಕ್ಷರಗಳನ್ನೂ ಓದುವ ಅಭ್ಯಾಸ ಇಟ್ಟುಕೊಳ್ಳಿ.

ಸಿಕ್ಕಿದ್ದನ್ನು ಬರೆದಿಡುವಾಗ ಪೂರ್ತಿ ಅಡ್ರೆಸ್, ನೆಟ್‌ವರ್ಕ್ ಹೆಸರು, ಮೊದಲ ಟ್ರಾನ್ಸಾಕ್ಷನ್‌ನ ಹ್ಯಾಶ್ (ಅದರ ಉದ್ದನೆಯ ಗುರುತಿನ ನಂಬರ್), ಯುಟಿಸಿ ಸಮಯ, ನಮ್ಮ ಸಮಯ, ಇಷ್ಟೂ ಇರಲಿ. ಸ್ಕ್ರೀನ್‌ಶಾಟ್ ಒಂದೇ ತಂದರೆ ಹ್ಯಾಶ್ ಅರ್ಧಕ್ಕೆ ಕತ್ತರಿಸಿರುತ್ತದೆ, ನನಗೂ ಉಪಯೋಗ ಇಲ್ಲ, ಪೊಲೀಸರಿಗೂ ಇಲ್ಲ. ಕಾಪಿ ಮಾಡಿ ಮೆಸೇಜ್‌ನಲ್ಲಿ ಹಾಕಿಟ್ಟುಕೊಳ್ಳಿ. ಮೋಸ ಆಗಿದ್ದರೆ ಮಾತ್ರ ಇದನ್ನೆಲ್ಲ ಹುಡುಕುತ್ತಾ ಕೂರಬೇಡಿ, ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿನಿಂದ ಹೋದ ರೊಕ್ಕ ಮುಂದಿನ ಖಾತೆಯಲ್ಲಿ ಇನ್ನೂ ನಿಂತಿದ್ದರೆ ತಡೆಹಿಡಿಯೋಕೆ ಆಗಬಹುದು. ಅಡ್ರೆಸ್‌ನ ಇತಿಹಾಸ ಎಲ್ಲೂ ಓಡಿಹೋಗುವುದಿಲ್ಲ, ಅದನ್ನು ಸಂಜೆ ಕೂತು ನೋಡಬಹುದು.