ಜಾಯ್‌ಸ್ಟಿಕ್ ಅಲ್ಲಾಡದ ಹಾಗೆ ಕೂರಿಸಿದ್ದು

ಆರ್ಕೇಡ್ ಜಾಯ್‌ಸ್ಟಿಕ್, ಅಂದರೆ ವಿಡಿಯೋ ಗೇಮ್ ಅಂಗಡಿಯ ಮೆಷಿನ್‌ಗಳಲ್ಲಿ ಇರುವಂಥ ಆಟದ ಕೋಲು, ಒಂದು ಲಿವರ್ (ಸನ್ನೆಕೋಲು), ಅಷ್ಟೇ. ಮೇಲಿನ ಚೆಂಡನ್ನು ಎಡಕ್ಕೆ ಎಳೆದಾಗ ಹಲಗೆಯ ಕೆಳಗಿರುವ ಪ್ಲೇಟ್‌ನ ಎಡ ಅಂಚು ಕೆಳಕ್ಕೆ ಬಾಗಲು ನೋಡುತ್ತದೆ. ಬಲಕ್ಕೆ ಎಳೆದಾಗ ಬಲ ಅಂಚು. ಯಾವ ಕಡೆ ಎಳೆಯುತ್ತೇವೋ ಆ ಕಡೆಯ ಸ್ಕ್ರೂವನ್ನು ಮರದಿಂದ ಕೀಳುತ್ತಾ ಇರುತ್ತೇವೆ. ಅರ್ಧ ಗಂಟೆ ಫೈಟಿಂಗ್ ಗೇಮ್ ಆಡಿದರೆ ಇದು ಎಷ್ಟು ಸಲ ಆಗುತ್ತದೆ ಯೋಚಿಸಿ. ದನ ಕಟ್ಟಿದ ಗೂಟ ಸಡಿಲ ಆಗುವುದೂ ಹೀಗೆಯೇ ಅಲ್ವಾ, ಒಂದೇ ಏಟಿಗೆ ಅಲ್ಲ, ಆಚೆ ಈಚೆ ಎಳೆದು ಎಳೆದು.

ಉಪ್ಪಳದಲ್ಲಿ ನೆಂಟರೊಬ್ಬರ ಮನೆಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ, ಜಾಯ್‌ಸ್ಟಿಕ್ ಮತ್ತು ಬಟನ್ ಇರುವ ಒಂದು ರೆಡಿಮೇಡ್ ಆಟದ ಪೆಟ್ಟಿಗೆ ಇತ್ತು. ಮಕ್ಕಳು ರಜೆಯಲ್ಲಿ ಆಡಿ ಅದರ ಜಾಯ್‌ಸ್ಟಿಕ್ ತೂಗಾಡತೊಡಗಿತ್ತು. ಬಿಚ್ಚಿ ನೋಡಿದರೆ ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ) ಹಲಗೆಗೆ ನಾಲ್ಕು ಗಿಡ್ಡ ಮರದ ಸ್ಕ್ರೂ. ಸ್ಕ್ರೂ ಇದ್ದ ಜಾಗದಲ್ಲಿ ಎಂಡಿಎಫ್ ಹುಡಿಯಾಗಿ ಉದುರುತ್ತಿತ್ತು. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಎಂಡಿಎಫ್ ತೇವ ಎಳೆದುಕೊಂಡು ಉಬ್ಬುತ್ತದೆ, ಉಬ್ಬಿದ ಮೇಲೆ ಸ್ಕ್ರೂವಿನ ಹಿಡಿತ ವಾಪಸ್ ಬರುವುದಿಲ್ಲ. ಉದ್ದದ ಸ್ಕ್ರೂ ಹಾಕಿದರೆ ಸರಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಸ್ವಲ್ಪ ದಿನಕ್ಕೆ ಆದೀತು. ನನಗದು ಇಷ್ಟ ಇಲ್ಲ. ಲಿವರಿಗೆ ಬೋಲ್ಟ್ ಮತ್ತು ನಟ್ಟೇ ಬೇಕು.

ನನ್ನದೇ ಪ್ಯಾನಲ್, ಅಂದರೆ ಜಾಯ್‌ಸ್ಟಿಕ್ ಮತ್ತು ಬಟನ್ ಕೂರಿಸುವ ಮೇಲಿನ ಹಲಗೆ, ಮಾಡಲು ಹೊರಟಾಗ ಮೊದಲು ತಲೆ ತಿಂದದ್ದು ಹಲಗೆಯ ದಪ್ಪ. ಗಟ್ಟಿಯಾಗಿರಲಿ ಅಂತ 18 ಮಿ.ಮೀ. ಪ್ಲೈವುಡ್ ತೆಗೆದುಕೊಂಡರೆ ಜಪಾನಿನ ಸಾನ್ವಾ ಮಾದರಿಯ ಜಾಯ್‌ಸ್ಟಿಕ್‌ನ ಕಂಬಿ ಅದರ ಒಳಗೇ ಮುಳುಗುತ್ತದೆ. ಚೆಂಡು ಹಲಗೆಗೆ ತಾಗುವಷ್ಟು ಕೆಳಗೆ ಬಂದರೆ ಕೈಗೆ ಹಿಡಿಯಲು ಏನು ಸಿಗುತ್ತದೆ? ಈ ಜಾಯ್‌ಸ್ಟಿಕ್‌ಗಳು ತೆಳುವಾದ ತಗಡಿನ ಪ್ಯಾನಲ್‌ಗೆಂದು ಮಾಡಿದಂಥವು. ಅಮೆರಿಕದ ಹ್ಯಾಪ್ ಮಾದರಿಯದ್ದಾದರೆ ದಪ್ಪ ಮರಕ್ಕೆ ನೇರವಾಗಿ ಕೂರುತ್ತದೆ, ಕಂಬಿಯೂ ಉದ್ದ. ಆದರೆ ನನಗೆ ಬೇಕಾದದ್ದು ಚೆಂಡಿನ ತಲೆಯದ್ದೇ.

ಮರ ಕೊರೆಯುವ ರೂಟರ್ ಮೆಷಿನ್ ಇರುವವರು 18 ಮಿ.ಮೀ. ಹಲಗೆಯನ್ನು ಅಡಿಯಿಂದ ಕೊರೆದು ಗುಂಡಿ ಮಾಡುತ್ತಾರೆ. ನಮ್ಮ ಪೆರ್ಲದ ಕಡೆ ಆ ಮೆಷಿನ್ ಹುಡುಕುವುದಕ್ಕಿಂತ ಬೇರೆ ದಾರಿ ಸುಲಭ. ಮೇಲೆ 6 ಮಿ.ಮೀ. ಪ್ಲೈವುಡ್, ಕೆಳಗೆ 12 ಮಿ.ಮೀ. ಪ್ಲೈವುಡ್. ಕೆಳಗಿನದ್ದರಲ್ಲಿ ಜಾಯ್‌ಸ್ಟಿಕ್ ಪ್ಲೇಟ್‌ಗಿಂತ ಸುತ್ತಲೂ 3 ಮಿ.ಮೀ. ಜಾಸ್ತಿ ಇರುವ ಚೌಕ ಕತ್ತರಿಸಿ, ಎರಡನ್ನೂ ಫೆವಿಕಾಲ್ ಹಾಕಿ ಒತ್ತಿ ಅಂಟಿಸುವುದು. ಗುಂಡಿ ತಾನಾಗಿಯೇ ಆಯಿತು. ಒಟ್ಟು ದಪ್ಪ 18, ಜಾಯ್‌ಸ್ಟಿಕ್ ಕೂರುವಲ್ಲಿ ಮಾತ್ರ 6. ಬಟನ್‌ಗಳ ಜಾಗವನ್ನೂ ಹೀಗೇ ಕೆಳಗಿನಿಂದ ತೆರವು ಮಾಡಿದೆ. ಸಿಕ್ಕಿಸುವ ಬಟನ್‌ಗಳ ಕಚ್ಚು ದಪ್ಪ ಹಲಗೆಯಲ್ಲಿ ಹಿಡಿಯುವುದಿಲ್ಲ, ಅದಕ್ಕೇ ತಿರುಗಿಸಿ ಬಿಗಿಯುವ ಬಳೆ ಇರುವ ಬಟನ್ ತೆಗೆದುಕೊಂಡೆ.

ಪ್ಲೈವುಡ್ ಕೊಳ್ಳುವಾಗ ಐಎಸ್ 710 ಎಂಬ ಮುದ್ರೆ ಇರುವ ಮರೀನ್ ಗ್ರೇಡ್ ಕೇಳಿ ತಂದೆ. ದುಡ್ಡು ಸ್ವಲ್ಪ ಜಾಸ್ತಿ. ಇಲ್ಲಿನ ಮಳೆಯಲ್ಲಿ ಅದಕ್ಕೆ ಅರ್ಥ ಇದೆ. ಚೌಕ ಕತ್ತರಿಸಿ ಕೊಟ್ಟದ್ದು ನಮ್ಮ ಊರಿನ ಆಚಾರಿಯವರು. "ಎಂಥದ್ದು ಮಾರಾಯ ಇದು?" ಅಂತ ಜಾಯ್‌ಸ್ಟಿಕ್ಕನ್ನು ತಿರುಗಿಸಿ ನೋಡಿದರು. "ಆಟದ್ದು ಆಚಾರ್ರೇ" ಅಂದೆ. "ಆಟದ್ದಕ್ಕೆ ಇಷ್ಟು ಒಳ್ಳೆ ಪ್ಲೈವುಡ್ಡಾ?" ಅಂದರು. ಆದರೂ ಚೌಕದ ನಾಲ್ಕು ಮೂಲೆಗೆ ತೂತು ಹಾಕಿ, ಜಿಗ್ ಸಾ ಬ್ಲೇಡ್ ಇಳಿಸಿ, ಅಂಚು ಒಂದು ಚೂರೂ ಸಿಗಿಯದ ಹಾಗೆ ಕತ್ತರಿಸಿದರು.

ಗುರುತು ಹಾಕುವುದೇ ಈ ಕೆಲಸದ ಮುಕ್ಕಾಲು ಪಾಲು. ಚೌಕ ಗೇಟ್ (ಕಂಬಿ ಎಷ್ಟು ದೂರ ವಾಲಬಹುದು ಅಂತ ತಡೆಯುವ ಚೌಕಟ್ಟು) ಇರುವ ಜಾಯ್‌ಸ್ಟಿಕ್ ಒಂದೆರಡು ಡಿಗ್ರಿ ತಿರುಗಿ ಕೂತರೂ ಮೂಲೆ ದಿಕ್ಕುಗಳು ಕೈಗೆ ತಪ್ಪುತ್ತವೆ. ಕೆಳಗೆ, ಕೆಳಗೆ-ಮುಂದೆ, ಮುಂದೆ ಅಂತ ಸುತ್ತಿಸುವಾಗ ಗೊತ್ತಾಗುತ್ತದೆ. 1991ರ ಸ್ಟ್ರೀಟ್ ಫೈಟರ್ 2 ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಹಲಗೆ ಮೇಲೆ ಪೇಪರ್ ಟೇಪ್ ಅಂಟಿಸಿ, ಮುಂದಿನ ಅಂಚಿಗೆ ಸಮಾನಾಂತರವಾಗಿ ಒಂದು ಗೆರೆ, ಅದಕ್ಕೆ ಅಡ್ಡಲಾಗಿ ಮೂಲೆಮಟ್ಟದಲ್ಲಿ ಇನ್ನೊಂದು ಗೆರೆ ಎಳೆದೆ. ಪ್ಲೇಟನ್ನೇ ಬಿಚ್ಚಿ, ಅದರ ನಡುವಿನ ತೂತು ಆ ಕೂಡುವ ಜಾಗಕ್ಕೆ ಬರುವಂತೆ ಇಟ್ಟು, ನಾಲ್ಕು ಬೋಲ್ಟ್ ತೂತುಗಳನ್ನು ಚೂಪು ಮೊಳೆಯಿಂದ ಚುಚ್ಚಿ ಗುರುತು ಮಾಡಿದೆ. ಪುಸ್ತಕದ ಅಳತೆಗಿಂತ ಕೈಯಲ್ಲಿರುವ ಪ್ಲೇಟ್‌ನ ಅಳತೆ ನಂಬುವುದು ವಾಸಿ, ಒಂದು ಕಂಪನಿಯದ್ದಕ್ಕೂ ಇನ್ನೊಂದರದ್ದಕ್ಕೂ ವ್ಯತ್ಯಾಸ ಇರುತ್ತದೆ.

ಬೋಲ್ಟ್ ಎಂ4, ಅಂದರೆ 4 ಮಿ.ಮೀ. ದಪ್ಪದ್ದು, ತಲೆ ಹಲಗೆಯ ಮಟ್ಟಕ್ಕೆ ಇಳಿಯುವ ಕೌಂಟರ್‌ಸಿಂಕ್ ಜಾತಿ, ಅಲೆನ್ ಕೀ ಹಾಕುವಂಥದ್ದು. ತೂತು ಮಾತ್ರ 4.5 ಮಿ.ಮೀ. ಆ ಅರ್ಧ ಮಿಲಿಮೀಟರ್ ಸಡಿಲದಲ್ಲಿ ಪ್ಲೇಟನ್ನು ಕೂದಲೆಳೆಯಷ್ಟು ತಿರುಗಿಸಿ ನೇರ ಮಾಡಿಕೊಳ್ಳಬಹುದು. ಕೌಂಟರ್‌ಸಿಂಕ್ ಬಿಟ್ಟನ್ನು ಡ್ರಿಲ್ ಮೆಷಿನ್‌ಗೆ ಹಾಕದೆ ಕೈಯಲ್ಲೇ ತಿರುಗಿಸಿದೆ. 6 ಮಿ.ಮೀ. ಹಲಗೆಯಲ್ಲಿ ಸ್ವಲ್ಪ ಜಾಸ್ತಿ ಕೊರೆದರೂ ಉಳಿಯುವ ಮರ ಕಡಿಮೆ.

ಬೋಲ್ಟಿನ ತಲೆ ಕಾಣಬಾರದು ಅಂತ ಕೆಲವರು ಬೋಲ್ಟನ್ನು ಅರಾಲ್ಡೈಟ್ ಹಾಕಿ ಕೂರಿಸಿ ಮೇಲೆ ಸನ್‌ಮೈಕಾ ಅಂಟಿಸುತ್ತಾರೆ. ನೋಡಲು ಚಂದ, ನಿಜ. ಆದರೆ ಮುಂದೊಂದು ದಿನ ಬೋಲ್ಟ್ ಒಳಗೇ ಸುತ್ತತೊಡಗಿದರೆ ಸನ್‌ಮೈಕಾ ಕಿತ್ತೇ ತೆಗೆಯಬೇಕು. ನಾನು ಮೊದಲು ಸನ್‌ಮೈಕಾ ಅಂಟಿಸಿ, ಆಮೇಲೆ ಅದರ ಮೇಲಿಂದಲೇ ತೂತು ಹಾಕಿದೆ. ನಾಲ್ಕು ಕಪ್ಪು ತಲೆ ಕಾಣುತ್ತದೆ. ಕಾಣಲಿ ಬಿಡಿ, ಅದು ಮೆಷಿನ್ನೇ ತಾನೆ.

ಕೆಳಗಿನಿಂದ ನೈಲಾಕ್ ನಟ್. ಒಳಗೆ ನೈಲಾನ್ ಬಳೆ ಇರುತ್ತದೆ, ಅದು ಬೋಲ್ಟಿನ ಎಳೆಯನ್ನು ಕಚ್ಚಿ ಹಿಡಿಯುವುದರಿಂದ ಕುಲುಕಾಟಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಬದಿಯಡ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಹೆಸರು ಹೇಳಿದರೆ ಸಾಕು, ಕೊಡುತ್ತಾರೆ. ನಟ್‌ಗೂ ಪ್ಲೇಟ್‌ಗೂ ನಡುವೆ ಒಂದು ವಾಷರ್. ನಾಲ್ಕನ್ನೂ ಮೊದಲು ಸುಮ್ನೆ ಕೂರಿಸಿ, ಆಮೇಲೆ ಎದುರು ಮೂಲೆಗಳನ್ನು ಜೋಡಿಯಾಗಿ ಬಿಗಿಯುತ್ತಾ ಹೋದೆ. ತಲೆ ಸನ್‌ಮೈಕಾದ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಬಿಗಿದರೆ ಪ್ಲೈವುಡ್ ಜಜ್ಜುತ್ತದೆ. ಪ್ಲೇಟನ್ನು ಜಾಯ್‌ಸ್ಟಿಕ್ ಬಾಡಿಗೆ ಹಿಡಿದಿರುವ ಸಣ್ಣ ಸ್ಕ್ರೂಗಳನ್ನೂ ಇದೇ ಹೊತ್ತಿಗೆ ನೋಡಿ. ಹಲಗೆ ಗಟ್ಟಿ ಇದ್ದೂ ಅಲ್ಲಾಡುತ್ತದೆ ಅಂದರೆ ಸಡಿಲ ಇರುವುದು ಅಲ್ಲೇ.

ಕಂಬಿ ಬರುವ ತೂತನ್ನು 24 ಮಿ.ಮೀ. ಹೋಲ್ ಸಾದಲ್ಲಿ ಹಾಕಿದೆ, ಸ್ಟಾರ್ಟ್ ಬಟನ್‌ಗೆ ಹೇಗೂ ಅದೇ ಬೇಕಿತ್ತು. ಆಟದ ಬಟನ್‌ಗಳಿಗೆ 30. ತೂತು ಸಣ್ಣದಾದರೆ ಕಂಬಿ ಮರಕ್ಕೆ ಬಡಿಯುತ್ತದೆ, ಒಳಗಿನ ಮೈಕ್ರೋಸ್ವಿಚ್ ಟಿಕ್ ಅನ್ನುವುದೇ ಇಲ್ಲ. ಹಲಗೆ ದಪ್ಪ ಆದಷ್ಟೂ ತೂತು ದೊಡ್ಡದು ಬೇಕು. ಚೆಂಡು ಬಿಚ್ಚಲು ಕಂಬಿಯ ಅಡಿ ತುದಿಯಲ್ಲಿರುವ ಸೀಳಿಗೆ ಸ್ಕ್ರೂಡ್ರೈವರ್ ಇಟ್ಟು ಹಿಡಿದು, ಮೇಲೆ ಚೆಂಡನ್ನು ಎಡಕ್ಕೆ ತಿರುಗಿಸಬೇಕು. ಡಸ್ಟ್ ವಾಷರ್ ಹಾಕಿ ಚೆಂಡು ವಾಪಸ್ ತಿರುಗಿಸಿದರೆ ತೂತು ಮುಚ್ಚಿಹೋಗುತ್ತದೆ.

ಐದು ವೈರಿನ ಪ್ಲಗ್ ಯಾವ ಕಡೆಗೆ ಬರುತ್ತದೆ ಅಂತ ಬಿಗಿಯುವ ಮೊದಲೇ ನೋಡಿ. ಆ ಕಡೆ ಪೆಟ್ಟಿಗೆಯ ಗೋಡೆ ಇರಬಾರದು. ಇದಕ್ಕಾಗಿ ಜಾಯ್‌ಸ್ಟಿಕ್ಕನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದರೂ ತೊಂದರೆ ಇಲ್ಲ, ದಿಕ್ಕುಗಳು ಅದಲುಬದಲಾದದ್ದನ್ನು, ಹಳೆ ಆಟಗಳನ್ನು ಓಡಿಸುವ ಸಾಫ್ಟ್‌ವೇರ್ ಆದ ರೆಟ್ರೋಪೈಯ ಸೆಟ್ಟಿಂಗ್‌ನಲ್ಲಿ ಸರಿಮಾಡಬಹುದು.

ಗಟ್ಟಿ ಇದೆಯಾ ಅಂತ ನೋಡಲು ಚೆಂಡು ಹಿಡಿದು ಇಡೀ ಪೆಟ್ಟಿಗೆ ಎತ್ತುವವರಿದ್ದಾರೆ. ಬೇಡ. ಭಾರವೆಲ್ಲ ಕಂಬಿಯ ಅಡಿಯ ಸಣ್ಣ ಕ್ಲಿಪ್ ಮೇಲೆ ಬೀಳುತ್ತದೆ. ಮುಚ್ಚಳ ತೆರೆದು ಪ್ಲೇಟ್ ಮತ್ತು ಮರ ಕೂಡುವಲ್ಲಿ ಬೆರಳಿಟ್ಟುಕೊಳ್ಳಿ, ಇನ್ನೊಬ್ಬರು ಜೋರಾಗಿ ಆಡಲಿ. ಸರಿದರೆ ಬೆರಳಿಗೆ ತಿಳಿಯುತ್ತದೆ. ನನ್ನ ತಮ್ಮನನ್ನು ಕೂರಿಸಿ ನಮ್ಮ ಕಡೆ ಮುಸ್ತಫಾ ಅಂತಲೇ ಹೆಸರಾದ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಆಟ ಹಾಕಿಕೊಟ್ಟೆ. ಪ್ಲೇಟ್ ಸರಿಯಲಿಲ್ಲ. ಸರಿದದ್ದು ಪೆಟ್ಟಿಗೆ, ಮೇಜಿನ ಮೇಲೆ. ಅದಕ್ಕೆ ಅಡಿಯ ನಾಲ್ಕು ಮೂಲೆಗೆ ಸ್ಕೂಟರ್ ಟ್ಯೂಬಿನ ತುಂಡು ಕತ್ತರಿಸಿ ಅಂಟಿಸಿದೆ.