ಏನನ್ನೂ ಬೇಡದೆ ಜಪಕ್ಕೆ ಕೂರುವುದು: ನನ್ನ ಅನುಭವ

ಫಲ ಹೇಳದೆ ಮಾಡಿದ ಜಪ ವಿಳಾಸವಿಲ್ಲದ ಕಾಗದದಂತೆ ಎಂದು ಹಿರಿಯರೊಬ್ಬರು ತಲೆಯಾಡಿಸಿದ್ದರು. ದೇವರು ಬೇಕು ಎನ್ನುವುದೂ ಆಸೆಯೇ ತಾನೇ ಎಂದು ಜೊತೆಯ ಸಾಧಕರು ವಾದಿಸಿದರು. ಇಂದು ನಾನು ಬೆಳಗ್ಗೆ ಮುಕ್ಕಾಲು ಗಂಟೆ ಏನನ್ನೂ ಕೇಳದೆ ಕೂರುತ್ತೇನೆ. ನಮ್ಮ ಬಳಗದಲ್ಲಿ ಇಷ್ಟು ಹೊತ್ತು ಹಾಗೆ ಕೂರಬಲ್ಲವರು ಹೆಚ್ಚಿಲ್ಲ.

ಇದಕ್ಕೆ ಮೊದಲು ಆರೇಳು ವರ್ಷ ಹರಕೆಯಲ್ಲೇ ಕಳೆದವು. ಬಡ್ತಿಗೆ ಸತ್ಯನಾರಾಯಣ ಪೂಜೆ, ಜಮೀನಿನ ವ್ಯಾಜ್ಯಕ್ಕೆ ರುದ್ರಾಭಿಷೇಕ. ತಿಂಗಳಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು, ಶ್ರಾವಣದಲ್ಲಿ ಐದಾರು ಸಾವಿರ. ಬಡ್ತಿ ಬಂತು, ಬಂದ ವಾರದಲ್ಲೇ ಜಪಮಾಲೆ ಗೂಡು ಸೇರಿತು. ಕೇಳಿದ್ದು ಕೈಗೆ ಬಂದ ಮೇಲೂ ದೇವರ ಮುಂದೆ ಕೂರಬೇಕೆನಿಸುತ್ತದೆಯೇ? ಅಂದಿನಿಂದ ನನಗೆ ಇದೊಂದೇ ಒರೆಗಲ್ಲು.

ಆಮೇಲೆ ಆಸೆಯನ್ನು ಅದುಮಲು ಹೊರಟೆ. ಏಕಾದಶಿಗೆ ನಿರ್ಜಲ ಉಪವಾಸ, ಮೌನ. ಉಪವಾಸಿ ಎಂಬ ಹೆಮ್ಮೆ ಬೆಳೆಯಿತೇ ಹೊರತು, ಹತ್ತು ಮಣಿ ದಾಟುವಷ್ಟರಲ್ಲಿ ಜಮೀನಿನ ನಕ್ಷೆ ಕಣ್ಣೆದುರು ಬರುವುದು ನಿಲ್ಲಲಿಲ್ಲ.

ಕೈ ಹಿಡಿದದ್ದು ಒಂದು ನೋಟ್‌ಬುಕ್. ಕೂರುವ ಮೊದಲು ಅಂದಿನ ಬೇಡಿಕೆಗಳನ್ನೆಲ್ಲ ನಾಚದೆ ಬರೆದು, ಬೇರೆ ಕೋಣೆಯಲ್ಲಿಟ್ಟು ಬರುತ್ತೇನೆ. ದೇವರ ಕೋಣೆಯಲ್ಲೇ ಇಟ್ಟರೆ ಕೆಲಸ ಕೆಡುತ್ತದೆ, ಇಟ್ಟು ನೋಡಿದ್ದೇನೆ. ಜಪಕ್ಕೆ ಮೊದಲು ಉದ್ದೇಶ ಹೇಳುವ ಸಂಕಲ್ಪದಲ್ಲಿ ಕ್ಷೇಮ, ಸ್ಥೈರ್ಯ, ಆಯುರಾರೋಗ್ಯ, ಐಶ್ವರ್ಯದ ಸಾಲನ್ನು ಬಿಟ್ಟು ‘ಪರಮೇಶ್ವರ ಪ್ರೀತ್ಯರ್ಥಂ’, ಅಂದರೆ ದೇವರ ಪ್ರೀತಿಗಾಗಿ, ಎಂದಷ್ಟೇ ಹೇಳುತ್ತೇನೆ. 12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಅಲ್ಲೇ ಸುರಿದು ಬರಲು ಹೇಳಿದಳಲ್ಲ, ರಾತ್ರಿ ನೋಟ್‌ಬುಕ್ ತೆರೆದಾಗ ನನ್ನ ಅಳತೆಯೂ ಅದೇ: ಅಂದಿನ ಅಗತ್ಯವನ್ನು ಮೀರಿದ್ದನ್ನು ಹೊಡೆದು ಹಾಕುವುದು. ಮೊದಮೊದಲು ಪುಟ ತುಂಬುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಎರಡು ಮೂರು ಸಾಲಿಗೆ ಇಳಿಯಿತು. ಮಾಲೆ ಮುಗಿದರೂ ಏಳಲು ಮನಸ್ಸಾಗದ ಬೆಳಗುಗಳು ಆಗ ಬಂದವು. ಬಡ್ತಿಯ ಆಸೆ ಬಡ್ತಿಯೊಂದಿಗೆ ಸತ್ತಿತ್ತು. ದೇವರ ಈ ಹಂಬಲ ಕೂತಷ್ಟೂ ಬೆಳೆಯುತ್ತಿದೆ. ದೇವರು ಬೇಕು ಎನ್ನುವುದೂ ಆಸೆಯೇ ಎಂದ ಸಾಧಕ ಮಿತ್ರರಿಗೆ ನಾನು ಕೊಡುವ ಉತ್ತರ ಇದು.

ಮಾಲೆಯ ನಡುವೆ ಬೇಡಿಕೆ ನುಸುಳಿದರೆ ಉಸಿರಿನೊಂದಿಗೆ ಮಾಡುವ ಒಂದು ಕ್ರಮವಿದೆ. ಅದು ಗುರುಮುಖದಿಂದ ಬಂದದ್ದು, ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ವ್ಯಾಜ್ಯದ ಎದುರಾಳಿ ನನ್ನ ದಾಯಾದಿಯೇ, ಗೋತ್ರ ಒಂದೇ. ಅವನ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಿಸಿದೆ. ಮೊದಲ ಸಲ ಅರ್ಚಕರ ಮುಂದೆ ಗಂಟಲು ಕಟ್ಟಿತು. ಕೆಲವು ಸಲದ ನಂತರ ಸರಾಗವಾಯಿತು. ವ್ಯಾಜ್ಯ ಇನ್ನೂ ನಡೆದಿದೆ, ಆದರೆ ಜಪದಲ್ಲಿ ನಕ್ಷೆ ಕಾಣಿಸುವುದಿಲ್ಲ. ಉಪವಾಸಕ್ಕಿಂತ ಈ ಐವತ್ತು ರೂಪಾಯಿಯ ಅರ್ಚನೆ ಚೀಟಿ ನನಗೆ ಹೆಚ್ಚು ಕೊಟ್ಟಿತು.

ಮಗಳಿಗೆ ಜ್ವರ ಏರಿದ ರಾತ್ರಿ ಮಾತ್ರ ಬಾಯಿಬಿಟ್ಟು ಬೇಡಿದೆ, ಆ ಸಾಲನ್ನು ಹೊಡೆದು ಹಾಕಲೂ ಇಲ್ಲ. ಗೀತೆಯ ಏಳನೆಯ ಅಧ್ಯಾಯ ಆರ್ತ (ಸಂಕಟದಲ್ಲಿರುವವನು), ಜಿಜ್ಞಾಸು (ತಿಳಿಯಬಯಸುವವನು), ಅರ್ಥಾರ್ಥಿ (ಸಂಪತ್ತು ಬಯಸುವವನು), ಜ್ಞಾನಿ ಎಂಬ ನಾಲ್ವರು ಭಕ್ತರನ್ನು ಹೇಳಿ, ಎಲ್ಲರನ್ನೂ ಉದಾರರೆಂದೇ, ಅಂದರೆ ಶ್ರೇಷ್ಠರೆಂದೇ, ಕರೆಯುತ್ತದೆ. ಸಂಕಟದ ಕೂಗಿಗೆ ನನ್ನ ಪದ್ಧತಿಯಲ್ಲಿ ತಡೆಯಿಲ್ಲ.