ಹಡಗಿನ ಕೋಟೇಶನ್: ಬೆಳಗಾವಿಯಿಂದ ಬೆಳಗಾವಿಗೆ ಹಾಕಿದ ಲೆಕ್ಕ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ, ಮೂರು ಹಳೇ ಲೇತ್. ಕೋಟೇಶನ್ ಬರೆಯೋದು, ಬೇರೆಯವರ ಕೋಟೇಶನ್ ಓದೋದು, ದಿನಾ ಇದೇ ಕೆಲಸ. ಹಾಗಾಗಿ 2024ರ ದಸರಾ ರಜೆಗೆ ಕ್ರೂಸ್‌ಗೇ ಹೋಗಬೇಕು ಅಂತ ಮಗಳು ಹಠ ಹಿಡಿದಾಗ, ರೇಟು ಹೋಲಿಸೋದು ಏನು ಮಹಾ, ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಮೊದಲು ನೋಡಿದ್ದು ಹತ್ತಿರದ್ದನ್ನೇ. ಮುಂಬೈಯಿಂದ ಕಾರ್ಡೇಲಿಯಾದವರ ಎಂಪ್ರೆಸ್ ಹಡಗು ಹೊರಡುತ್ತದೆ. 1990ರ ಹಡಗು, ಮೊದಲು ರಾಯಲ್ ಕೆರಿಬಿಯನ್ ಕಂಪನಿಯದಾಗಿತ್ತು, 2021ರಿಂದ ನಮ್ಮ ಕಡೆ ಓಡುತ್ತಿದೆ. ವೀಸಾ ಬೇಡ, ವಿಮಾನ ಬೇಡ, ಹಡಗಿನೊಳಗಿನ ಬಿಲ್ಲೂ ರೂಪಾಯಿಯಲ್ಲೇ. ಲಕ್ಷದ್ವೀಪದ ಟ್ರಿಪ್ ನಮ್ಮ ತಾರೀಖಿಗೆ ಹೊಂದಲಿಲ್ಲ. ಹೊಂದಿದ್ದು ಮುಂಬೈ–ಗೋವಾ–ಮುಂಬೈ. ಅದನ್ನು ಅವ್ವನಿಗೆ ಹೇಳಿದೆ. "ಗೋವಾಕ್ಕ ಹೋಗಾಕ ಮುಂಬೈಗೆ ಯಾಕ ಹೋಗಬೇಕೋ ತಮ್ಮಾ? ಚೋರ್ಲಾ ಘಾಟ್ ಇಳದ್ರ ಮಧ್ಯಾನ್ಹ ಊಟಕ್ಕ ಅಲ್ಲೇ ಇರ್ತೀವಿ" ಅಂದಳು. ಬೆಳಗಾವಿಯವರಿಗೆ ಇದಕ್ಕೆ ಉತ್ತರ ಕೊಡೋದು ಕಷ್ಟ. ಆ ಮಾತು ಅಲ್ಲಿಗೇ ಮುಗಿಯಿತು.

ಉಳಿದದ್ದು ಸಿಂಗಾಪುರ. ಅಲ್ಲಿಂದ ಗೆಂಟಿಂಗ್ ಡ್ರೀಮ್ ಅನ್ನೋ ಹಡಗು ಇದೆ, ಸೀಸನ್ ನೋಡಿಕೊಂಡು ರಾಯಲ್ ಕೆರಿಬಿಯನ್ ಹಡಗುಗಳೂ ಇರುತ್ತವೆ. ಮೊದಲನೆಯದರ ಒಳಗಿನ ಖರ್ಚು ಸಿಂಗಾಪುರ ಡಾಲರ್‌ನಲ್ಲಿ, ಎರಡನೆಯದರದ್ದು ಅಮೆರಿಕನ್ ಡಾಲರ್‌ನಲ್ಲಿ. ಇದನ್ನು ಗಮನಿಸದೆ "25 ಡಾಲರ್ ಅಷ್ಟೇ" ಅಂತ ಎರಡನ್ನೂ ಪಕ್ಕಪಕ್ಕ ಬರೆದಿಟ್ಟುಕೊಂಡಿದ್ದೆ. ಆಗ ಒಂದು ಡಾಲರ್ ಸುಮಾರು 64 ರೂಪಾಯಿ, ಇನ್ನೊಂದು 84. ಹೆಂಡತಿ ನೋಡಿ ನಕ್ಕಳು. "ಏನ್ರೀ, ಇಂಚು ಸೆಂಟಿಮೀಟರ್ ಒಂದೇ ಕಾಲಂನ್ಯಾಗ ಬರದೀರಲ್ಲ!" ಅಂದಳು. ನನ್ನ ಧಂದೆಯವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ?

ನನ್ನ ಕೈಗೆ ಬಂದ ಎರಡು ಕೋಟೇಶನ್ ಲೆಕ್ಕ ಹೇಳುತ್ತೇನೆ. ಹಡಗಿನ ಹೆಸರು ಬಿಡಿ, ರೇಟು ವಾರವಾರಕ್ಕೂ ಬದಲಾಗುತ್ತದೆ. ಅಂಕಿ ಕೂಡ ಹತ್ತಿರದ ಸಾವಿರಕ್ಕೆ ತಂದಿದ್ದೇನೆ. ಒಂದು ಮೂರು ರಾತ್ರಿಯದು, ತಲೆಗೆ 26,000. ಇನ್ನೊಂದು ನಾಲ್ಕು ರಾತ್ರಿಯದು, ತಲೆಗೆ 37,000. ರಾತ್ರಿಗೆ ಭಾಗಿಸಿದರೆ ಮೊದಲನೆಯದು ಸುಮಾರು 8,700, ಎರಡನೆಯದು 9,250. ಮೊದಲನೆಯದೇ ಸೋವಿ ಅಲ್ವಾ? ನಾನೂ ಹಾಗೇ ಅಂದುಕೊಂಡು ಟೋಕನ್ ಕೊಡೋಕೆ ಹೊರಟಿದ್ದೆ.

ಹೊರಡೋ ಮುಂಚೆ ಸುಮ್ನೆ ಒಂದು ಪ್ರಶ್ನೆ ಕೇಳಿದೆ. ನಮ್ಮ ಧಂದೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದು: ಇದು ಎಕ್ಸ್ ವರ್ಕ್ಸ್ ರೇಟಾ, ಅಂದರೆ ಅವರ ಫ್ಯಾಕ್ಟರಿ ಬಾಗಿಲಿನ ರೇಟಾ, ಇಲ್ಲ ನಮ್ಮ ಬಾಗಿಲಿಗೆ ಬಂದು ಬೀಳುವ ರೇಟಾ? ಏಜೆಂಟ್ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಆ 26,000ದಲ್ಲಿ ಬಂದರಿನ ತೆರಿಗೆ ಸೇರಿಲ್ಲ, ಅದು ತಲೆಗೆ 6,000. ಹಡಗಿನ ಸಿಬ್ಬಂದಿಗೆ ಕೊಡುವ ಟಿಪ್ಸೂ ಸೇರಿಲ್ಲ. ಈ ಟಿಪ್ಸ್ ಅನ್ನೋದು ಹೋಟೆಲ್‌ನಲ್ಲಿ ತಟ್ಟೆಗೆ ಹತ್ತು ರೂಪಾಯಿ ಹಾಕಿದ ಹಾಗೆ ನಮ್ಮ ಮನಸ್ಸಿಗೆ ಬಿಟ್ಟದ್ದಲ್ಲ. ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ರೂಮಿನ ಖಾತೆಗೆ ತಾನಾಗಿ ಬೀಳುತ್ತದೆ. ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಆಗಲೇ 18 ಡಾಲರ್ ಆಸುಪಾಸು ಇತ್ತು. ನಾನು ಎರಡಕ್ಕೂ ದಿನಕ್ಕೆ 1,500 ಅಂತ ಹಿಡಿದೆ. ಎರಡನೇ ಕೋಟೇಶನ್‌ನಲ್ಲಿ ಬಂದರಿನ ತೆರಿಗೆ ಮೊದಲೇ ಸೇರಿತ್ತು, ಟಿಪ್ಸ್ ಮಾತ್ರ ಬೇರೆ.

ಈಗ ನೋಡಿ. ಮೊದಲನೆಯದು 36,500, ರಾತ್ರಿಗೆ ಸುಮಾರು 12,200. ಎರಡನೆಯದು 43,000, ರಾತ್ರಿಗೆ 10,750. ಪೂರ್ತಿ ತಲೆಕೆಳಗಾಯಿತು.

ಅದು ಹಡಗಿನ ಲೆಕ್ಕ ಅಷ್ಟೇ. ನಾವು ಬೆಳಗಾವಿಯಲ್ಲಿ ಇರುವವರು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ, ಅಲ್ಲಿಂದ ವಿಮಾನ, ಸಿಂಗಾಪುರದಲ್ಲಿ ಒಂದು ರಾತ್ರಿ ಹೋಟೆಲ್. ಹಡಗು ಹೊರಡುವ ದಿನವೇ ವಿಮಾನ ಇಳಿಯುವ ಸಾಹಸ ಬೇಡ, ವಿಮಾನ ತಡವಾದರೆ ಹಡಗು ನಿಮಗಾಗಿ ನಿಲ್ಲುವುದಿಲ್ಲ. ವೀಸಾ ಬೇರೆ. ಸಿಂಗಾಪುರದ ವೀಸಾ ಮಲ್ಟಿಪಲ್ ಎಂಟ್ರಿನೇ ಇರಬೇಕು, ಯಾಕಂದರೆ ಹಡಗು ಹತ್ತಿದರೆ ದೇಶ ಬಿಟ್ಟ ಹಾಗೆ, ವಾಪಸ್ ಬಂದರೆ ಮತ್ತೆ ಒಳಗೆ ಹೋದ ಹಾಗೆ. ಇದೆಲ್ಲ ಸೇರಿ ನಮಗೆ ತಲೆಗೆ ಸುಮಾರು 40,000 ಆಯಿತು. ಹಡಗಿನಲ್ಲಿ ಎರಡು ರಾತ್ರಿ ಇದ್ದರೂ ಇಷ್ಟೇ, ಏಳು ರಾತ್ರಿ ಇದ್ದರೂ ಇಷ್ಟೇ. ಸಿಎನ್‌ಸಿ ಮೇಲೆ ಒಂದು ಪೀಸ್ ಮಾಡಿದರೂ ಸೆಟ್ಟಿಂಗ್ ಮಾಡಲೇಬೇಕು, ನೂರು ಪೀಸ್ ಮಾಡಿದರೂ ಅದೇ ಸೆಟ್ಟಿಂಗ್. ಆ 40,000 ಸೇರಿಸಿದರೆ ಮೂರು ರಾತ್ರಿಯ ಟ್ರಿಪ್ ರಾತ್ರಿಗೆ 25,500ಕ್ಕೆ ಬಿತ್ತು, ನಾಲ್ಕು ರಾತ್ರಿಯದು 20,750ಕ್ಕೆ. ಚೆನ್ನೈ ಅಥವಾ ಬೆಂಗಳೂರಿನವರಿಗೆ ಈ ಅಂತರ ಕಡಿಮೆ ಆದೀತು. ನಮಗೆ ಜಾಸ್ತಿ.

ರೂಮಿನ ವಿಷಯ. ಜಾಹೀರಾತಿನ ರೇಟು ಯಾವಾಗಲೂ ಒಂದು ರೂಮಿಗೆ ಇಬ್ಬರು ಅಂತ ಹಿಡಿದು ಹಾಕಿರುತ್ತಾರೆ. ಒಬ್ಬರೇ ಹೋದರೆ ಎಷ್ಟೋ ಕಡೆ ಇಬ್ಬರ ದುಡ್ಡು ಕೊಡಬೇಕು. ಅದೇ ರೂಮಿಗೆ ಮೂರನೆಯವರು, ನಾಲ್ಕನೆಯವರು ಸೇರಿದರೆ ಅವರ ರೇಟು ಇಳಿಯುತ್ತದೆ. ಮಕ್ಕಳಿಗೆ ಫ್ರೀ ಅಂತಲೂ ಕೆಲವೊಮ್ಮೆ ಇರುತ್ತದೆ, ಆದರೆ ಫ್ರೀ ಅಂದರೆ ಮೂಲ ದರ ಮಾತ್ರ, ಬಂದರಿನ ತೆರಿಗೆ ಮತ್ತು ಟಿಪ್ಸ್ ಮಗುವಿನ ಹೆಸರಿಗೂ ಬೀಳುತ್ತವೆ. ನಾವು ನಾಲ್ವರೂ ಒಂದೇ ರೂಮು ತಗೊಂಡೆವು. ಮೂರನೇ ಹಾಸಿಗೆ ಅಂದರೆ ಸೋಫಾ ಬಿಚ್ಚಿ ಮಾಡಿದ್ದು, ನಾಲ್ಕನೆಯದು ಚಾವಣಿಯಿಂದ ಕೆಳಗೆ ಇಳಿಯುವ ಬಂಕ್. ಸಂಜೆ ರೂಮ್ ಹುಡುಗ ಬಂದು ಕೀಲಿ ತಿರುಗಿಸಿ ಅದನ್ನು ಇಳಿಸಿದಾಗ ಅವ್ವ ಬಾಯಿ ಬಿಟ್ಟು ನೋಡಿದಳು. "ಇಷ್ಟ ರೊಕ್ಕಾ ಕೊಟ್ಟ ಮ್ಯಾಲೂ ಅಪ್ಪರ್ ಬರ್ತ್ ಏನು?" ಅಂದಳು. ಮಗಳಿಗೆ ಮಾತ್ರ ಸ್ವರ್ಗ ಸಿಕ್ಕಂಗಾಯಿತು. ಇಬ್ಬರು ವಯಸ್ಸಾದವರು ಜೊತೆಗಿದ್ದರೆ ಈ ಉಳಿತಾಯದ ಆಸೆ ಬಿಡಿ, ಎರಡು ರೂಮೇ ಮಾಡಿ.

ದುಡ್ಡು ಕಟ್ಟೋದರಲ್ಲೂ ಫರಕು ಇದೆ. ಇಲ್ಲಿನ ಏಜೆಂಟ್ ಹತ್ತಿರ ಪ್ಯಾಕೇಜ್ ತಗೊಂಡರೆ ಜಿಎಸ್‌ಟಿ ಜೊತೆಗೆ ಟಿಸಿಎಸ್ ಅನ್ನೋ ಮುಂಗಡ ಆದಾಯ ತೆರಿಗೆ ಹಿಡಿಯುತ್ತಾರೆ, ನಾವು ಹೋದಾಗ 7 ಲಕ್ಷದವರೆಗೆ 5 ಶೇಕಡಾ ಇತ್ತು. ಅದು ಹೋದ ದುಡ್ಡಲ್ಲ, ರಿಟರ್ನ್ ಫೈಲ್ ಮಾಡುವಾಗ ನಮ್ಮ ತೆರಿಗೆಗೆ ಜಮಾ ಆಗುತ್ತದೆ. ಹಾಗಾಗಿ ಅದನ್ನು ಖರ್ಚಿನ ಕಾಲಂನಲ್ಲಿ ಬರೆಯಬೇಡಿ. ಕಂಪನಿಯ ಸೈಟಿನಲ್ಲಿ ನೇರವಾಗಿ ಡಾಲರ್‌ನಲ್ಲಿ ಕಟ್ಟಿದರೆ ಕ್ರೆಡಿಟ್ ಕಾರ್ಡಿನವರು ಮಾರ್ಕಪ್ ಅಂತ ಹಾಕುತ್ತಾರೆ, ನನ್ನ ಕಾರ್ಡಿಗೆ ಮೂರೂವರೆ ಶೇಕಡಾ, ಅದರ ಮೇಲೆ ಮತ್ತೆ ಜಿಎಸ್‌ಟಿ. ಅದು ಹೋದರೆ ಹೋಯಿತು.

ಇನ್ನು ದಡಕ್ಕೆ ಇಳಿದ ಮೇಲಿನ ಖರ್ಚು. ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಇದಕ್ಕೇ. ಮೊದಲು ನಾನೂ ಎಲ್ಲರ ಹಾಗೆ ಈ ಹಡಗಿನ ಟೂರ್ ರೇಟು ಎಷ್ಟು, ಆ ಹಡಗಿನದು ಎಷ್ಟು ಅಂತ ಹೋಲಿಸುತ್ತಾ ಕುಳಿತಿದ್ದೆ. ಮಗಳು ಮ್ಯಾಪ್ ತೆಗೆದು ಹಡಗು ನಿಲ್ಲುವ ಜಾಗ ತೋರಿಸು ಅಂದಾಗ ಕಣ್ಣು ತೆರೆಯಿತು. ಮೂರು ರಾತ್ರಿಯ ಟ್ರಿಪ್‌ನಲ್ಲಿ "ಕೌಲಾಲಂಪುರ" ಅಂತ ಬರೆದಿತ್ತು. ಕೌಲಾಲಂಪುರಕ್ಕೆ ಸಮುದ್ರವೇ ಇಲ್ಲ! ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ. ಅಲ್ಲಿಂದ ಊರಿಗೆ ನಲವತ್ತು ಕಿಲೋಮೀಟರ್ ಮೇಲೆ, ಟ್ರಾಫಿಕ್ ಇದ್ದರೆ ಒಂದೂವರೆ ತಾಸು. ಅವ್ವನಿಗೆ ಬಾತು ಗುಹೆಯ ಮುರುಗನ್ ನೋಡುವ ಆಸೆ ಇತ್ತು. 272 ಮೆಟ್ಟಿಲು ಅಂತ ಕೇಳಿದ ಮೇಲೆ ಆ ಆಸೆ ತಾನಾಗಿ ಕರಗಿತು. ಬ್ಯಾಂಕಾಕ್ ಅಂತ ಬರೆದಿದ್ದರೆ ಲೇಮ್ ಚಬಾಂಗ್, ಅಲ್ಲಿಂದ ನೂರು ಕಿಲೋಮೀಟರ್ ಮೇಲೆ. ಇಟಲಿಯ ರೋಮ್ ಕೂಡ ಇದೇ ಥರ, ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಅನ್ನೋ ಬೇರೆ ಊರಲ್ಲಿ. ಬಂದರು ದೂರ ಇದ್ದರೆ ಹಡಗಿನವರ ಟೂರೇ ಗತಿ, ಅವರು ಹೇಳಿದ್ದೇ ರೇಟು. ಬಂದರು ಊರೊಳಗೇ ಇದ್ದರೆ ಕಾಲೇ ಟ್ಯಾಕ್ಸಿ.

ನಾವು ಕೊನೆಗೆ ಹೋದದ್ದು ನಾಲ್ಕು ರಾತ್ರಿಯದಕ್ಕೆ, ಅದರಲ್ಲಿ ಮಲೇಷ್ಯಾದ ಪೆನಾಂಗ್ ಇತ್ತು. ಅಲ್ಲಿ ಹಡಗು ಕಟ್ಟುವುದು ಜಾರ್ಜ್ ಟೌನ್‌ನ ಸ್ವೆಟ್ಟನ್‌ಹ್ಯಾಮ್ ಪಿಯರ್‌ನಲ್ಲಿ. ಗೇಟ್ ದಾಟಿ ಐದು ಹತ್ತು ನಿಮಿಷ ನಡೆದರೆ ಹಳೇ ಕೋಟೆ, ಇನ್ನೊಂದಿಷ್ಟು ನಡೆದರೆ ಲಿಟಲ್ ಇಂಡಿಯಾ. ಅಲ್ಲಿ 1833ರ ಮಾರಿಯಮ್ಮನ ಗುಡಿ, ಮಲ್ಲಿಗೆ ಮಾರುವವರು, ಬಾಳೆಎಲೆ ಊಟ. ಹಡಗಿನವರು ಅರ್ಧ ದಿನದ ಟೂರಿಗೆ ತಲೆಗೆ ಸುಮಾರು 5,000 ಹೇಳಿದ್ದರು, ನಾಲ್ವರಿಗೆ 20,000. ನಾವು ಗುಡಿ ನೋಡಿಕೊಂಡು, ಆ್ಯಪ್‌ನಲ್ಲಿ ಕಾರು ಕರೆಸಿ ಪೆನಾಂಗ್ ಹಿಲ್‌ಗೆ ಹೋದೆವು. 1923ರಿಂದ ಅಲ್ಲಿ ಗುಡ್ಡ ಹತ್ತುವ ರೈಲಿದೆ, ಈಗಿನ ಡಬ್ಬಿಗಳು ಹೊಸವು. ನಾವು ಹೋದಾಗ ವಿದೇಶಿ ದೊಡ್ಡವರಿಗೆ 30 ರಿಂಗಿಟ್ ಇತ್ತು. ನಾಲ್ವರ ಟಿಕೆಟ್, ಹೋಗಿ ಬರುವ ಕಾರು, ಊಟ ಎಲ್ಲ ಸೇರಿ 250 ರಿಂಗಿಟ್ ದಾಟಲಿಲ್ಲ, ನಮ್ಮ ಲೆಕ್ಕದಲ್ಲಿ 5,000 ರೂಪಾಯಿ. ಹಡಗಿನ ಟೂರಿನ ಕಾಲು ಭಾಗ! ಅವ್ವ ರೈಲಿನ ಮುಂದಿನ ಗಾಜಿಗೆ ಮೂಗು ತಾಗಿಸಿ ನಿಂತಿದ್ದಳು. ಸವದತ್ತಿ ಗುಡ್ಡಕ್ಕೂ ಇಂಥಾದ್ದೊಂದು ಹಾಕಬೇಕು ಅಂತ ಅವಳ ಅಭಿಪ್ರಾಯ.

ಮರುದಿನ ಫುಕೆಟ್. ಇಲ್ಲಿ ನನ್ನ ಶಾಣ್ಯಾತನ ಕೈಕೊಟ್ಟಿತು. ಅಲ್ಲಿ ನಮ್ಮ ಹಡಗು ದಕ್ಕೆಗೆ ಬರಲಿಲ್ಲ, ಪಟೋಂಗ್ ಬೀಚಿನ ಮುಂದೆ ಸಮುದ್ರದಲ್ಲೇ ಲಂಗರು ಹಾಕಿತು. ದಡಕ್ಕೆ ಹೋಗಬೇಕಾದರೆ ಸಣ್ಣ ಬೋಟ್ ಹತ್ತಬೇಕು, ಟೆಂಡರ್ ಅಂತಾರೆ. ಇದು ಕೋಟೇಶನ್‌ನಲ್ಲಿ ಬರೆದಿತ್ತು, ತೀರಾ ಸಣ್ಣ ಅಕ್ಷರದಲ್ಲಿ, ನಾನು ಓದಿರಲಿಲ್ಲ. ಅಕ್ಟೋಬರ್‌ನಲ್ಲಿ ಆ ಕಡೆ ಮಳೆಗಾಲ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಅಲೆಗೆ ಬೋಟು ಒಂದು ಮೊಳ ಮೇಲೆ, ಒಂದು ಮೊಳ ಕೆಳಗೆ ಆಡುತ್ತಿತ್ತು. ಇಬ್ಬರು ಹುಡುಗರು ತೋಳು ಹಿಡಿದು ದಾಟಿಸುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತು ಎರಡು ಸಲ ನೋಡಿದಳು. "ನಾ ಒಲ್ಲೆ, ನೀವ ಹೋಗಿ ಬರ್ರಿ" ಅಂತ ತಿರುಗಿ ನಡೆದೇಬಿಟ್ಟಳು. ನಾಲ್ವರಿಗೂ ಹಡಗಿನ ಟೂರ್ ಮೊದಲೇ ತಗೊಂಡಿದ್ದೆ, ರದ್ದು ಮಾಡುವ ಗಡುವು ಮುಗಿದಿತ್ತು. ಅವಳ ಪಾಲಿನ ದುಡ್ಡು ಹೋಯಿತು.

ಅಲ್ಲಿ ಹಡಗಿನ ಟೂರ್ ತಗೊಂಡದ್ದು ತಪ್ಪೇನಲ್ಲ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಾವೇ ಮಾಡಿಕೊಂಡ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಟೆಂಡರ್ ಬೋಟಿನಲ್ಲೂ ಸಾಮಾನ್ಯವಾಗಿ ಟೂರಿನವರನ್ನೇ ಮೊದಲು ಬಿಡುತ್ತಾರೆ. ಹಡಗು ಆ ಬಂದರಿಗೆ ಹೋಗದೇ ಇದ್ದರೂ ಟೂರಿನ ದುಡ್ಡು ವಾಪಸ್ ಬರುತ್ತದೆ. ಈ ಭದ್ರತೆಗೆ ಒಂದಿಷ್ಟು ಜಾಸ್ತಿ ಕೊಡಬಹುದು. ಆದರೆ ಆ ಭದ್ರತೆ ಬಸ್ ಇಳಿಯುವವರೆಗೆ ಮಾತ್ರ. ಟೂರ್ ಮುಗಿದು ನಮ್ಮನ್ನು ಬೀಚಿನ ಹತ್ತಿರ ಬಿಟ್ಟರು, ನಾವು ಮೂವರೂ ಅಲ್ಲೇ ಅಡ್ಡಾಡಿಕೊಂಡು ಕುಳಿತೆವು. ಕೊನೆಯ ಬೋಟು ಐದಕ್ಕೆ. ನನ್ನ ಮೊಬೈಲಿನಲ್ಲಿ ಮೂರು ಐವತ್ತು. ಆರಾಮಾಗಿ ಎಳನೀರು ಹೇಳಿದೆ. ಮಗಳು ಕೈಗಡಿಯಾರ ನೋಡಿ, "ಪಪ್ಪಾ, ನಾಕೂ ಐವತ್ತಾತು" ಅಂದಳು. ಥಾಯ್ಲೆಂಡ್ ಸಮಯ ಸಿಂಗಾಪುರಕ್ಕಿಂತ ಒಂದು ತಾಸು ಹಿಂದೆ. ದಡಕ್ಕೆ ಬಂದ ಕೂಡಲೇ ಮೊಬೈಲ್ ತಾನೇ ಬದಲಾಗಿತ್ತು, ಹಡಗು ಮಾತ್ರ ಸಿಂಗಾಪುರದ ಗಡಿಯಾರದಲ್ಲೇ ನಡೆಯುತ್ತಿತ್ತು. ಎಳನೀರಿನ ದುಡ್ಡು ಕೊಟ್ಟು, ಎಳನೀರು ಅಲ್ಲೇ ಬಿಟ್ಟು, ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆವು. ಸಿಕ್ಕಿತು. ಮೇಲೆ ಅವ್ವ ಚಹಾ ಕುಡಿಯುತ್ತಾ ಕುಳಿತಿದ್ದಳು.

ಈಗ ನನ್ನ ಶೀಟಿನಲ್ಲಿ ಪ್ರತಿ ಬಂದರಿನ ಮುಂದೆ ನಾಲ್ಕು ಕಾಲಂ ಇವೆ: ಬಂದರಿನ ನಿಜವಾದ ಹೆಸರು, ಊರಿಗೆ ಎಷ್ಟು ದೂರ, ದಕ್ಕೆಯಾ ಬೋಟಾ, ಹಡಗಿನ ಗಡಿಯಾರದಲ್ಲಿ ಎಷ್ಟು ತಾಸು ನಿಲ್ಲುತ್ತದೆ. ಟೂರಿನ ರೇಟು ಆಮೇಲೆ. ಕುಡಿಯುವವರು ಡ್ರಿಂಕ್ಸ್ ಪ್ಯಾಕೇಜಿಗೆ ಇನ್ನೊಂದು ಕಾಲಂ ಹಾಕಿಕೊಳ್ಳಿ, ಕೆಲವು ಕಡೆ ರೂಮಿನಲ್ಲಿ ಒಬ್ಬರು ತಗೊಂಡರೆ ಉಳಿದ ದೊಡ್ಡವರೂ ತಗೊಳ್ಳಲೇಬೇಕು. ನಮಗೆ ಬಫೆಯ ಚಹಾ ಸಾಕಾಯಿತು. ಊಟಕ್ಕೆ ತೊಂದರೆಯಾಗಲಿಲ್ಲ, ಇಂಡಿಯನ್ ವೆಜ್ ದಿನಾ ಇತ್ತು. ಅವ್ವ ಕಟ್ಟಿದ ರೊಟ್ಟಿ ಗಂಟು ಬೆಂಗಳೂರಲ್ಲೇ ತಂಗಿ ಮನೆಯಲ್ಲಿ ಇಳಿಸಿ ಬಂದಿದ್ದೆವು, ಮನೆಯಲ್ಲಿ ಮಾಡಿದ್ದನ್ನು ಹಡಗಿಗೆ ಬಿಡುವುದಿಲ್ಲ. ಸೀಲ್ ಇದ್ದ ಶೇಂಗಾ ಚಟ್ನಿ ಪ್ಯಾಕೆಟ್ ಮಾತ್ರ ಜೊತೆಗೆ ಬಂತು.

ಒಟ್ಟು ಖರ್ಚು ನಾನು ಹಾಕಿದ್ದಕ್ಕಿಂತ ಸ್ವಲ್ಪ ಮೇಲೆ ಹೋಯಿತು. ಎಲ್ಲಿ ಅಂತ ಹುಡುಕಿದೆ. ಹಡಗಿನ ಫೋಟೋಗ್ರಾಫರ್ ಊಟದ ಹೊತ್ತಿಗೆ ಅವ್ವನ ಫೋಟೋ ತೆಗೆದಿದ್ದ, ಇಳಕಲ್ ಸೀರೆ ಉಟ್ಟು, ಹಿಂದೆ ಮೆಟ್ಟಿಲ ದೀಪಗಳು. ಒಂದೇ ಪ್ರಿಂಟು. ಅದರ ದುಡ್ಡಿಗೆ ಖಡೇಬಜಾರಿನಲ್ಲಿ ಒಂದು ಆಲ್ಬಮ್ ಪೂರ್ತಿ ಮಾಡಿಸಬಹುದಿತ್ತು. ನಾನು ಬೇಡ ಅಂದೆ, ಹೆಂಡತಿ ನನಗೆ ಹೇಳದೆ ತಗೊಂಡಿದ್ದಳು. ಆ ಕಾಲಂ ನನ್ನ ಶೀಟಿನಲ್ಲಿ ಇರಲಿಲ್ಲ. ಈಗ ಹಾಕಿದ್ದೇನೆ. ಫೋಟೋ ಶೋಕೇಸಿನಲ್ಲಿದೆ, ಬಂದವರಿಗೆಲ್ಲ ಅವ್ವ ಅದನ್ನೇ ತೋರಿಸುತ್ತಾಳೆ.